ಇಪ್ಪತ್ತನಾಲ್ಕು ತಟ್ಟೆ ಹುಳ

ಕಳೆದ ವಾರ ರಾಮನಗರದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಬೇಕಾಗಿದ್ದದ್ದು ಬಚ್ಚಲಮನೆಯ ಬಾಗಿಲಿಗೆ ಒಂದು ಚಿಲಕ, ನಾಲ್ಕು ಸ್ಕ್ರೂ. ಅಂಗಡಿಯವನು ಮೇಲಿನ ಹಲಗೆಯಿಂದ ಡಬ್ಬಿ ಎಳೆಯುವಾಗ ಪಕ್ಕದಲ್ಲಿದ್ದ ಪೊಟ್ಟಣವೊಂದು ಬಿದ್ದು ಒಡೆಯಿತು. ಬಿಳಿ ಪುಡಿ ಮೇಜಿನ ಮೇಲೆಲ್ಲ ಹರಡಿತು.

"ಇರುವೆ ಪುಡಿ ಮೇಡಂ, ಏನಾಗಲ್ಲ, ಒರೆಸ್ಬುಡ್ತೀನಿ," ಎಂದ.

ನಾನು ಚಿಲಕ ಕೊಳ್ಳದೆ ಹಿಂತಿರುಗಿದೆ. ಪುಡಿಯನ್ನು ಮುಟ್ಟಿರಲಿಲ್ಲ. ಆದರೂ ಮನೆಗೆ ಬಂದು ಮೊಣಕೈವರೆಗೆ ಮೂರು ಸಲ ಸೋಪು ಹಾಕಿ ತೊಳೆದುಕೊಂಡೆ.

ನನಗೀಗ ಎಪ್ಪತ್ತೇಳು. ನನ್ನ ಮನೆಯಲ್ಲಿ ಹಳೆಯ ದಿನಪತ್ರಿಕೆ ಇರುವುದಿಲ್ಲ. ಬೆಳಿಗ್ಗೆ ಓದಿದ್ದನ್ನು ಸಂಜೆ ಹೂವಿನವಳಿಗೆ ಕೊಟ್ಟುಬಿಡುತ್ತೇನೆ. ಯಾಕೆಂದು ಕೇಳಿದವರಿಗೆ ಇಡಲು ಜಾಗ ಇಲ್ಲ ಎನ್ನುತ್ತೇನೆ. ಜಾಗ ಬೇಕಾದಷ್ಟಿದೆ.

ಈಗ ಹೇಳುವುದು, ರಾಮನಗರ ಜಿಲ್ಲೆಯಾಗುತ್ತದಂತೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ವರ್ಷದ ಚಳಿಗಾಲದ ಮಾತು. ಮೂವತ್ತನಾಲ್ಕು ವರ್ಷ ಮಾಗಡಿ, ಕನಕಪುರ, ಚನ್ನಪಟ್ಟಣ ಎಂದು ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು, ನಿವೃತ್ತಿಯ ಹಣದಲ್ಲಿ ಅರ್ಕಾವತಿಯ ದಡದ ಹೊಸ ಬಡಾವಣೆಯಲ್ಲಿ ಸಣ್ಣ ಮನೆ ಕಟ್ಟಿಸಿಕೊಂಡಿದ್ದೆ. ಮದುವೆಯಾಗಿರಲಿಲ್ಲ. ಒಬ್ಬಳೇ ಇದ್ದೆ, ಆದರೆ ವಾರ್ಡಿನ ಶಿಸ್ತು ಬಿಟ್ಟಿರಲಿಲ್ಲ. ಐದಕ್ಕೆ ಏಳುವುದು, ಐದೂಕಾಲಿಗೆ ಹಾಸಿಗೆಯ ಮೂಲೆಗಳನ್ನು ಓರೆಯಾಗಿ ಮಡಿಸಿ ಸಿಕ್ಕಿಸುವುದು, ಆರಕ್ಕೆ ಅಂಗಳ ತೊಳೆಯುವುದು. ಬಡಾವಣೆಯವರಿಗೆಲ್ಲ ನಾನು ಸಿಸ್ಟರಮ್ಮ.

ನಮ್ಮ ಬಡಾವಣೆ ಎದ್ದದ್ದು ಗದ್ದೆ ಮತ್ತು ಹಿಪ್ಪುನೇರಳೆ ತೋಟಗಳ ಮೇಲೆ. ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಬರುತ್ತಿದ್ದ ಕಾಲ. ಶಿಫ್ಟಿನ ಬಸ್ಸುಗಳು ಹೊತ್ತುಹೊತ್ತಿಗೆ ಹಾರ್ನ್ ಹೊಡೆಯುತ್ತಿದ್ದವು. ಗದ್ದೆ ಹೋದರೂ ಗದ್ದೆಯ ಇಲಿಗಳು ಎಲ್ಲಿಗೂ ಹೋಗಿರಲಿಲ್ಲ. ಕಾರ್ತಿಕ ಮುಗಿದು ಹೊಳೆಯ ಮೇಲೆ ಬೆಳಗಿನ ಮಂಜು ಕೂರಲು ಶುರುವಾಯಿತೆಂದರೆ, ಚಳಿ ತಾಳಲಾರದೆ ಅವು ನಮ್ಮ ಮನೆಗಳಿಗೇ ಬರುತ್ತಿದ್ದವು. ಹಿಂದೆಯೇ ಜಿರಲೆ, ಕಟ್ಟಿರುವೆ, ಸೊಳ್ಳೆ.

ಇವುಗಳಿಗೂ ನಾನು ವೇಳಾಪಟ್ಟಿ ಮಾಡಿಟ್ಟಿದ್ದೆ. ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿರುತ್ತಿತ್ತು. ಮುಂಗಾರಿಗೆ ಮುಂಚೆ ಟ್ರಂಕು, ಪುಸ್ತಕ, ಪೇಪರುಗಳಿಗೆ ಪುಡಿ. ಮಳೆಗಾಲದಲ್ಲಿ ಚರಂಡಿಗೆ ಸೀಮೆಎಣ್ಣೆ. ಶಿವರಾತ್ರಿಯ ನಂತರ ಮಂಚಗಳಿಗೆ ಬಿಸಿಲು, ತಿಗಣೆಗೆ ಕುದಿಯುವ ನೀರು. ಎಲ್ಲಕ್ಕಿಂತ ದೊಡ್ಡದು ಚಳಿ ಹಿಡಿಯುವಾಗ: ಬೆಂಗಳೂರಿನಿಂದ ಔಷಧಿ ಹೊಡೆಯುವವರನ್ನು ಕರೆಸಿ ಮನೆಯ ಮೂಲೆಮೂಲೆಗೂ ಸಿಂಪಡಿಸುವುದು. ಆ ವರ್ಷ ಅವರು ಬರಬೇಕಾಗಿದ್ದದ್ದು ಒಂದು ಸೋಮವಾರ, ಹತ್ತು ಗಂಟೆಗೆ.

ಹಿಂದಿನ ಶನಿವಾರ ಪಕ್ಕದ ಮನೆಯ ಚಿಕ್ಕತಾಯಮ್ಮ ಗೇಟಿನ ಬಳಿ ಬಂದು ನಿಂತಳು. ಹೊಂಗನೂರು ಕಡೆಯ ಹೆಣ್ಣು, ನಲವತ್ತೈದರ ಆಸುಪಾಸು. ಬಡಾವಣೆ ಬರುವ ಮುಂಚಿನಿಂದಲೂ ಇದ್ದ ಹೆಂಚಿನ ಮನೆ ಅವರದು. ಅದರ ಒಂದು ಭಾಗವೇ ರೇಷ್ಮೆ ಸಾಕುವ ಹುಳದ ಮನೆ.

"ಸಿಸ್ಟರಮ್ಮ, ಸೋಮ್ವಾರ ಔಸ್ದಿ ಒಡ್ಯೋರು ಬತ್ತಾರಂತೆ?"

"ಹೌದು. ಹತ್ತು ಗಂಟೆಗೆ."

"ಬ್ಯಾಡಿ ಕಣ್ರವ್ವ. ನಾಳೀಕೆ ಚಾಕಿ ಮರಿ ಉಳ ತತ್ತಾ ಇವ್ನಿ. ಐವತ್ತು ಚಿಟ್ಟೆ ಇಟ್ಟ ಮೊಟ್ಟೇದು, ಇಪ್ಪತ್ ಸಾವ್ರ ಉಳ. ಒಂದ್ ಇಪ್ಪತ್ತೈದ್ ದಿನ ತಡ್ಕಳಿ."

"ನಿನ್ನ ಹುಳಕ್ಕೂ ನನ್ನ ಮನೆಗೂ ಏನಮ್ಮ? ನಡುವೆ ಗೋಡೆ ಇದೆಯಲ್ಲ."

"ಗೋಡೆ ಇರಾದು ನಮ್ಗೆ, ಗಾಳಿಗಲ್ಲ. ಜಿರ್ಲೆ ಸಾಯೋ ಔಸ್ದಿ ವಾಸ್ನೆ ಒಸಿ ಬಂದ್ರೂ ಸಾಕು, ಉಳ ಹಸ್ರು ಕಕ್ಕೊಂಡು ಸತ್ತೋಯ್ತವೆ."

ನನ್ನ ವೇಳಾಪಟ್ಟಿ ತಪ್ಪುತ್ತದೆ ಎಂದೆ. ಮುಂದಿನ ಬೆಳೆ ಬೇಗ ಹಾಕಿಕೋ ಎಂದೆ. ಆಗ ಅವಳು ಗೇಟಿನ ಸರಳು ಹಿಡಿದುಕೊಂಡಳು.

"ಮುಂದ್ಲ ಬೆಳೆ ಇಲ್ಲ ಕಣ್ರವ್ವ. ಸಂಕ್ರಾಂತಿ ಕಳೀತಿದ್ದಂಗೆ ತ್ವಾಟ ಕೀಳ್ತಾರೆ. ಕಾರ್ಖಾನೆಗೆ ಬುಟ್ಕೊಟ್ಟಾಯ್ತು. ಇದೇ ಕಡೇದು. ನಮ್ಮತ್ತೆ ಕಿವಿಗೆ ಇನ್ನೊಂದ್ ಬೆಳೆ ಕೇಳಿಸ್ಬುಡಾನ ಅಂತ ಅಷ್ಟೇಯ."

ಬೆಳೆಯನ್ನು ಕೇಳಿಸುವುದು ಎಂದರೇನೆಂದು ನನಗೆ ತಿಳಿದದ್ದು ಆಮೇಲೆ. ಅವಳ ಅತ್ತೆ ಕೆಂಪಮ್ಮನಿಗೆ ಎಂಬತ್ತರ ಮೇಲೆ ವಯಸ್ಸು. ಎರಡೂ ಕಣ್ಣು ಹೋಗಿ ಹತ್ತು ವರ್ಷವಾಗಿತ್ತು. ಸೊಸೆಗೆ ಹುಳ ಸಾಕುವುದನ್ನು ಕಲಿಸಿದವಳು ಅವಳೇ. ಈಗ ಹುಳದ ಮನೆಯ ಹೊಸ್ತಿಲ ಪಕ್ಕ ಗೋಣಿತಾಟಿನ ಮೇಲೆ ಕೂತು, ಹುಳಗಳು ಸೊಪ್ಪು ತಿನ್ನುವ ಸದ್ದು ಕೇಳಿ ಬೆಳೆ ಹೇಗಿದೆ ಎಂದು ಹೇಳುತ್ತಿದ್ದಳು. ಅವಳಿಗೆ ಉಳಿದಿದ್ದ ಕೆಲಸ ಅದೊಂದೇ. ಆ ಬೆಳೆಯೊಂದಿಗೆ ಅದೂ ಮುಗಿಯುವುದಿತ್ತು.

ನಾನು ಬೆಂಗಳೂರಿಗೆ ಫೋನ್ ಮಾಡಿ ಔಷಧಿಯವರನ್ನು ಮುಂದೂಡಿದೆ. ಕ್ಯಾಲೆಂಡರಿನ ಕೆಂಪು ಶಾಯಿಯನ್ನು ಹೊಡೆದು ಹಾಕಿದ್ದು ಅದೇ ಮೊದಲು.

ಆ ಇಪ್ಪತ್ತೈದು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ಇಲಿ ಬೋನು ಮೂರು ತಂದೆ. ಬೆಳಿಗ್ಗೆ ಆರಕ್ಕೆ ಬೋನು ನೋಡುವುದು ಹೊಸ ಡ್ಯೂಟಿಯಾಯಿತು. ಗಾಜಿನ ಚೂರು, ಸಿಮೆಂಟು ಕಲಸಿ ಬಿಲ ಮುಚ್ಚಿದೆ. ಮರುದಿನ ಪಕ್ಕದಲ್ಲೇ ಹೊಸ ಬಿಲ. ನಿವೃತ್ತಿಯ ದಿನ ಉಟ್ಟು ತೆಗೆದಿಟ್ಟಿದ್ದ ಬಿಳಿ ಸೀರೆಯ ಸೆರಗನ್ನು ಇಲಿ ತಿಂದಿತು. ಸೋಪು ತಿಂದಿತು. ಹಲ್ಲುಜ್ಜುವ ಬ್ರಷ್ಷಿನ ಮೇಲೆ ಜಿರಲೆ ಕೂತಿರುತ್ತಿತ್ತು. ಇರುವೆಗಳಿಗೆ ಅರಿಸಿನ ಎರಚಿದೆ, ಅವು ಅರಿಸಿನದ ಮೇಲೇ ಸಾಲು ಕಟ್ಟಿದವು. ಬೇವಿನ ಹೊಗೆ ಹಾಕೋಣವೆಂದರೆ ಅದೂ ಹುಳಕ್ಕೆ ಆಗದು. ಒಂದು ಬೆಳಿಗ್ಗೆ ಅನ್ನಕ್ಕಿಟ್ಟ ಅಕ್ಕಿಯಲ್ಲಿ ಇಲಿಯ ಹಿಕ್ಕೆ ಕಂಡು, ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಷ್ಟು ವರ್ಷಗಳಲ್ಲಿ ವಾರ್ಡಿನಲ್ಲಿ ನಾನು ಅತ್ತಿರಲಿಲ್ಲ.

ನನ್ನ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗೆ ನಂಜುಂಡ ಎಂಬಾತ ಇದ್ದ. ಮಾಗಡಿ ತಾಲ್ಲೂಕಿನ ಕೆಂಪಾಪುರದವನು, ಬಿಡದಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹೆಂಡತಿ ಲಕ್ಷ್ಮಿ ಏಳು ತಿಂಗಳ ಬಸುರಿ. ಅವರ ಕೋಣೆಯ ಗೋಡೆಯೇ ಹುಳದ ಮನೆಯ ಗೋಡೆ. ಸೊಳ್ಳೆಬತ್ತಿ ಹಚ್ಚಕೂಡದು ಎಂದು ನಾನೇ ಹೋಗಿ ಅಪ್ಪಣೆ ಮಾಡಿದೆ.

"ಮೇಡಂ, ನಮ್ ಮನೆ ಸೊಳ್ಳೆ ನೋಡಿದ್ದೀರಾ? ಒಂದಿನ ನಮ್ಮಿಬ್ರನ್ನೂ ಎತ್ಕೊಂಡೋಗಿ ಸಾವನದುರ್ಗದ ತಲೆ ಮ್ಯಾಲೆ ಇಟ್ಬುಡ್ತವೆ," ಎಂದ ನಂಜುಂಡ.

"ಪರದೆ ಕೊಡುತ್ತೇನೆ, ಕಟ್ಟಿಕೊಳ್ಳಿ."

ಕೊಟ್ಟೆ. ಆಸ್ಪತ್ರೆಯ ರೀತಿಯಲ್ಲಿ ಕಟ್ಟುವುದನ್ನೂ ತೋರಿಸಿ ಬಂದೆ.

ಸಂಜೆ ನಾಲ್ಕಕ್ಕೆ ಹುಳದ ಮನೆಗೆ ಹೋಗುವುದು ನನಗೆ ಅಭ್ಯಾಸವಾಯಿತು. ಮೂರು ಸ್ಟ್ಯಾಂಡು, ಒಂದೊಂದರಲ್ಲಿ ಎಂಟು ಬಿದಿರಿನ ತಟ್ಟೆ. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿದ್ದರು. ಬಾಗಿಲಲ್ಲಿ ಸುಣ್ಣದ ಪುಡಿ, ಪಕ್ಕದಲ್ಲಿ ಕೈಕಾಲು ತೊಳೆಯಲು ಬಕೆಟ್ಟು. ನನ್ನ ವಾರ್ಡುಗಳು ಇಷ್ಟು ಅಚ್ಚುಕಟ್ಟಾಗಿದ್ದದ್ದು ಅನುಮಾನ. ಅಷ್ಟಾದರೂ ಒಳಗೆ ಬಿಡುವುದು ಕೆಂಪಮ್ಮನ ಪರೀಕ್ಷೆಯಾದ ಮೇಲೆಯೇ. ಬಂದವರ ಎರಡೂ ಕೈ ಹಿಡಿದು ಮೂಗಿನ ಹತ್ತಿರ ಎಳೆದುಕೊಳ್ಳುತ್ತಿದ್ದಳು. ಬೀಡಿ ಸೇದಿದವರಿಗೆ, ಹೊಗೆಸೊಪ್ಪು ಮುಟ್ಟಿದವರಿಗೆ, ಸೀಮೆಎಣ್ಣೆ ಹಿಡಿದವರಿಗೆ ಪ್ರವೇಶವಿಲ್ಲ. ಸ್ವಂತ ಮಗ, ಚಿಕ್ಕತಾಯಮ್ಮನ ಗಂಡ ಲಿಂಗೇಗೌಡರನ್ನೇ ಎಷ್ಟೋ ಸಲ, "ಓಗ್ಲಾ, ಬೀಡಿ ನಾತ," ಎಂದು ಹೊರಗೆ ದಬ್ಬಿದ್ದಳು.

ನನ್ನ ಕೈ ಹಿಡಿದು, "ಸೋಪು. ಬರೀ ಸೋಪು. ಬಾರವ್ವ," ಎನ್ನುತ್ತಿದ್ದಳು. ಆಮೇಲೆ, "ನಿಮ್ ಮನೆ ಇಲಿಗೋಳು ಏನಂದ್ವು ಇವತ್ತು? ಸಿಸ್ಟರಮ್ಮ ಬಂದ್ರೆ ಎದ್ದು ನಿಂತ್ಕತ್ತವಾ?" ಎಂದು ನಗುತ್ತಿದ್ದಳು.

ಹುಳ ಪೊರೆ ಬಿಡುವುದಕ್ಕೆ ಅವರು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗ ಹುಳ ತಿನ್ನುವುದಿಲ್ಲ, ತಲೆಯೆತ್ತಿ ಅಲುಗದೆ ಇರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಅವುಗಳ ಹಸಿವೆಗೆ ಮಿತಿಯಿಲ್ಲ. ಒಂದು ಸಂಜೆ ಕೆಂಪಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಕಣ್ ಮುಚ್ಕೊಂಡ್ ಕೇಳಿ," ಎಂದಳು. ಸಣ್ಣ ಬೆಂಕಿಯಲ್ಲಿ ಎಳ್ಳು ಹುರಿದ ಹಾಗೆ ಚಿಟಪಟ ಸದ್ದು ಇಡೀ ಕೋಣೆಯಲ್ಲಿ. "ಇದು ಮೂರ್ನೇ ದಿನದ ಸದ್ದು. ಇನ್ ಐದ್ ದಿನಕ್ಕೆ ಅಣ್ಣಾಯ್ತವೆ," ಎಂದಳು. ಹುಳ ಹಣ್ಣಾಗುವುದೆಂದರೆ ಮೈ ಹೊಳಪೇರಿ ಗೂಡು ಕಟ್ಟಲು ತಯಾರಾಗುವುದು.

ಆ ವಾರವೇ ಮೋಡ ಕವಿಯಿತು. ಹೊಳೆಯ ಮೇಲಿನ ಮಂಜು ಹತ್ತು ಗಂಟೆಯಾದರೂ ಏಳದು, ಜೊತೆಗೆ ತುಂತುರು. ತಟ್ಟೆಗಳಲ್ಲಿ ಹಾಸಿದ್ದ ಪೇಪರು ತೇವ ಹಿಡಿಯತೊಡಗಿತು. ತೇವ ನಿಂತರೆ ರೋಗ. ಅಂಗಡಿಯಿಂದ ತಂದ ರದ್ದಿ ಪೇಪರನ್ನು ಕೆಂಪಮ್ಮ ಮೂಸಿ ಆಚೆಗೆಸೆದಳು, ಬೋಂಡದ ಎಣ್ಣೆ ವಾಸನೆ ಎಂದು. ಚಿಕ್ಕತಾಯಮ್ಮ ಒಣ ಪೇಪರಿಗಾಗಿ ಬೀದಿಯೆಲ್ಲ ತಿರುಗಿ ಬರಿಗೈಯಲ್ಲಿ ಬಂದಳು.

"ನನ್ನಲ್ಲಿದೆ," ಎಂದೆ.

ಅಟ್ಟದ ಮೇಲೆ ತಗಡಿನ ಟ್ರಂಕಿತ್ತು. ಅದರಲ್ಲಿ ಮೂರು ವರ್ಷದ ಪೇಪರು, ತಾರೀಖಿನ ಪ್ರಕಾರ ಜೋಡಿಸಿ, ತಿಂಗಳಿಗೊಂದು ಕಟ್ಟು ಕಟ್ಟಿದ್ದು. ಗರಿಗರಿಯಾಗಿ ಒಣಗಿದ್ದವು. ಒಂದು ಮೂಲೆಯೂ ಮಡಿಸಿರಲಿಲ್ಲ. ಆರು ಕಟ್ಟು ಹೊತ್ತು ತಂದೆ. ಆ ಹೊತ್ತಿನಲ್ಲಿ ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ನನ್ನ ಶಿಸ್ತು ಕೊನೆಗೂ ಒಂದು ಕೆಲಸಕ್ಕೆ ಬಂತಲ್ಲ ಎಂದುಕೊಂಡೆ.

ಕೆಂಪಮ್ಮ ಕಟ್ಟನ್ನು ಮೂಗಿಗೆ ಹಿಡಿದಳು. ಸ್ವಲ್ಪ ಹೊತ್ತು ಹಿಡಿದೇ ಇದ್ದಳು.

"ಏನೋ ಒಗರೊಗರು ವಾಸ್ನೆ ಐತಲ್ಲವ್ವ."

"ಟ್ರಂಕಿನ ತುಕ್ಕು, ಅಜ್ಜಿ. ನನ್ನ ಮನೆಯಲ್ಲಿ ಕೊಳಕು ಪೇಪರು ಇರೋದಿಲ್ಲ."

"ಸಿಸ್ಟರಮ್ಮನ ಪೇಪರ್ಗೇ ಅನ್ಮಾನ ಪಟ್ರೆ ಇನ್ಯಾರ್ನ ನಂಬಾದು ಅತ್ತೆ, ಕೊಡಿ ಇತ್ಲಾಗಿ," ಎಂದು ಚಿಕ್ಕತಾಯಮ್ಮ ಕಟ್ಟು ಬಿಚ್ಚಿದಳು.

ಮಧ್ಯಾಹ್ನ ಮೂರರಿಂದ ನಾವಿಬ್ಬರೂ ಹಾಸಿಗೆ ಬದಲಾಯಿಸಿದೆವು. ಬಾಗಿಲ ಕಡೆಯ ಎರಡು ಸ್ಟ್ಯಾಂಡು ಮುಗಿಯುವಷ್ಟರಲ್ಲಿ ಕತ್ತಲಾಗುತ್ತ ಬಂತು. ಗೋಡೆ ಕಡೆಯ ಮೂರನೆಯದನ್ನು ಬೆಳಿಗ್ಗೆ ನೋಡೋಣವೆಂದು ಉಳಿದ ಪೇಪರನ್ನು ಹೊಸ್ತಿಲ ಒಳಗೆ ಇಟ್ಟೆವು.

ಬೆಳಿಗ್ಗೆ ಆರಕ್ಕೆ ಬೋನು ನೋಡುತ್ತಿದ್ದೆ. ಆ ಕಡೆಯಿಂದ ಕೆಂಪಮ್ಮನ ಕೂಗು ಕೇಳಿಸಿತು. "ಚಿಕ್ತಾಯೀ! ಸದ್ದು ನಿಂತೈತೆ! ಎದ್ದೇಳೇ, ಬಾಗ್ಲ ಕಡೆ ಸದ್ದೇ ಇಲ್ಲ!"

ಓಡಿದೆ. ಸೊಪ್ಪು ಹಾಗೆಯೇ ಬಿದ್ದಿತ್ತು. ಹುಳಗಳು ತಲೆಯನ್ನು ಅತ್ತಿತ್ತ ತೂಗುತ್ತಿದ್ದವು. ಕೆಲವು ಮೈ ಮುದುಡಿ ಮೋಟಾಗಿದ್ದವು. ಬಾಯಿಂದ ಹಸಿರು ನೀರು. ತಟ್ಟೆಯ ಅಂಚಿಗೆ ತೆವಳಿ ಬಂದು ನೆಲಕ್ಕೆ ಬೀಳುತ್ತಿದ್ದವು. ಚಿಕ್ಕತಾಯಮ್ಮ ಬಿದ್ದವನ್ನು ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕುತ್ತಿದ್ದಳು. ಅವು ಮತ್ತೆ ಬೀಳುತ್ತಿದ್ದವು. ಲಿಂಗೇಗೌಡರು ಕಿಟಕಿಗಳನ್ನೆಲ್ಲ ತೆರೆದರು. "ಯಾವನೋ ಔಸ್ದಿ ಒಡ್ದವ್ನೆ," ಎಂದರು. ಎಂದವರೇ ನಮ್ಮ ಹಿತ್ತಲಿಗೆ ನುಗ್ಗಿ ನಂಜುಂಡನ ಬಾಗಿಲು ಬಡಿದರು.

ನಂಜುಂಡನ ಕೋಣೆಯಲ್ಲಿ ಸೊಳ್ಳೆಬತ್ತಿಯ ಬೂದಿ ಸಿಕ್ಕಿತು. ಒಂದೇ ಒಂದು ಸುರುಳಿ.

"ಯಾವಾಗ್ಲಾ ಅಚ್ಚಿದ್ದು?"

"ಮೊನ್ನೆ ಸಾಯಂಕಾಲ ಗೌಡ್ರೇ, ಒಂದ್ ಅರ್ಧ ಗಂಟೆ. ಪರದೆಯೊಳ್ಗೂ ಕಚ್ತಿದ್ವು. ಇವ್ಳು ಬಸ್ರಿ, ಮೈಯೆಲ್ಲ ದದ್ದೆದ್ದು ಅಳ್ತಿದ್ಲು... ತಪ್ಪಾಯ್ತು. ಕಾಲಿಗ್ ಬೀಳ್ತೀನಿ."

ಲಿಂಗೇಗೌಡರು ಅವನ ಅಂಗಿಯ ಕೊರಳು ಹಿಡಿದಿದ್ದರು. ನಾನು ಬಿಡಿಸಲಿಲ್ಲ. ಬದಲಿಗೆ ವಾರ್ಡಿನಲ್ಲಿ ತಪ್ಪು ಮಾಡಿದ ಆಯಾಗಳಿಗೆ ಹೇಳುತ್ತಿದ್ದ ದನಿಯಲ್ಲಿ ಹೇಳಿದೆ: "ಒಂದು ನಿಯಮ ಪಾಲಿಸಲು ಆಗಲಿಲ್ಲ ನಿನ್ನಿಂದ. ಸಂಜೆಯೊಳಗೆ ಕೋಣೆ ಖಾಲಿ ಮಾಡು." ಲಕ್ಷ್ಮಿ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಅವಳ ಮುಖವನ್ನು ನಾನು ನೋಡಲಿಲ್ಲ.

ಹುಳದ ಮನೆಗೆ ಬಂದು ನಾನೇ ಮುಂದೆ ನಿಂತೆ. ಗಾಬರಿಯಲ್ಲಿ ಯಾರಾದರೂ ಒಬ್ಬರು ಆಜ್ಞೆ ಕೊಡಬೇಕು ಎಂಬುದು ನನ್ನ ತರಬೇತಿ. "ಮೊದಲು ಹಾಸಿಗೆ ಬದಲಾಯಿಸಿ. ಹಸಿರು ಕಕ್ಕಿದ ಪೇಪರಿನ ಮೇಲೆ ಬಿಡಬೇಡಿ. ಹೊಸ ಪೇಪರು, ಹೊಸ ಸೊಪ್ಪು," ಎಂದೆ. ಇಬ್ಬರೂ ನಾನು ಹೇಳಿದ ಹಾಗೆ ಮಾಡಿದರು. ಮೊದಲ ಸ್ಟ್ಯಾಂಡಿನ ಎಂಟು ತಟ್ಟೆಗೂ ಹೊಸ್ತಿಲ ಬಳಿ ಇಟ್ಟಿದ್ದ ನನ್ನ ಪೇಪರು ಹಾಸಿ, ಹುಳಗಳನ್ನು ಕೈಯಲ್ಲಿ ಎತ್ತಿ ಎತ್ತಿ ಇಟ್ಟೆವು. ಆಮೇಲೆ ಎರಡನೆಯದಕ್ಕೆ ಹೋದೆವು. ಎರಡನೆಯದು ಮುಗಿಯುವಾಗ ಮೊದಲನೆಯದರ ಹುಳಗಳು ತಲೆ ತೂಗುವುದನ್ನೂ ನಿಲ್ಲಿಸಿದ್ದವು.

ಅಷ್ಟು ಹೊತ್ತೂ ಮೂರನೆಯದನ್ನು ಯಾರೂ ನೋಡಿರಲಿಲ್ಲ. ನಾನು ನೋಡಿದೆ. ಹುಳಗಳು ತಿನ್ನುತ್ತಿದ್ದವು. ಎಂಟು ತಟ್ಟೆಯಲ್ಲೂ ತಿನ್ನುತ್ತಿದ್ದವು.

ಅದು ಗೋಡೆ ಕಡೆಯ ಸ್ಟ್ಯಾಂಡು. ನಂಜುಂಡನ ಗೋಡೆಗೆ ಎಲ್ಲಕ್ಕಿಂತ ಹತ್ತಿರ. ಸೊಳ್ಳೆಬತ್ತಿಯ ಹೊಗೆಯಾದರೆ ಮೊದಲು ಸಾಯಬೇಕಾದವು ಇವು. ವಾರ್ಡಿನಲ್ಲಿ ಒಂದೇ ಸಾಲಿನ ರೋಗಿಗಳಿಗೆ ಭೇದಿಯಾದರೆ, ಆ ಸಾಲಿಗೆ ಮಾತ್ರ ಏನು ಕೊಟ್ಟಿದ್ದೇವೆ ಎಂದು ಮೊದಲು ನೋಡುತ್ತಿದ್ದೆವು. ಆ ಎರಡು ಸ್ಟ್ಯಾಂಡಿಗೆ ಕೊಟ್ಟದ್ದು, ಇದಕ್ಕೆ ಕೊಡದೆ ಇದ್ದದ್ದು ಏನು?

ಕಾಲ ಬಳಿಯ ಪೇಪರೊಂದನ್ನು ಎತ್ತಿ ನಡುವಿನ ಮಡಿಕೆಯನ್ನು ಬಿಡಿಸಿದೆ. ಕಣ್ಣಿಗೇನೂ ಕಾಣಲಿಲ್ಲ. ಬೆರಳಿಂದ ಒರೆಸಿದೆ. ಬೆರಳಿನ ತುದಿ ಬೆಳ್ಳಗಾಯಿತು.

ಮುಂಗಾರಿಗೆ ಮುಂಚೆ, ಕೆಂಪು ಶಾಯಿಯ ಪ್ರಕಾರ, ಟ್ರಂಕಿನ ಪ್ರತಿಯೊಂದು ಕಟ್ಟಿನ ಹಾಳೆಗಳ ನಡುವೆಯೂ ನಾನೇ ಇರುವೆ ಪುಡಿ ಉದುರಿಸಿದ್ದೆ. ಗೆದ್ದಲು, ಬೆಳ್ಳಿಹುಳ ಹಿಡಿಯಬಾರದೆಂದು. ಪ್ರತಿ ವರ್ಷ ಮಾಡುವ ಕೆಲಸ. ಎಷ್ಟು ಅಭ್ಯಾಸವಾಗಿತ್ತೆಂದರೆ, ಮಾಡಿದ್ದೇನೆ ಎಂಬುದೇ ನೆನಪಿರಲಿಲ್ಲ. ಮಾಡಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಮೇಲೆ ಅದು ನನ್ನ ತಲೆಯಿಂದ ಇಳಿದುಹೋಗಿತ್ತು.

ಚಿಕ್ಕತಾಯಮ್ಮ ಮೂರನೆಯ ಸ್ಟ್ಯಾಂಡಿನ ಮೊದಲ ತಟ್ಟೆಯನ್ನು ಎಳೆದಿದ್ದಳು. ಇನ್ನೊಂದು ಕೈಯಲ್ಲಿ ನನ್ನ ಪೇಪರು.

ಆಗ ನಾನು ಸುಮ್ಮನೆ ನಿಂತ ಹೊತ್ತನ್ನು ಇಲ್ಲಿ ಬರೆಯಲೇಬೇಕು. ಬಹಳ ಹೊತ್ತಲ್ಲ, ಒಂದು ಉಸಿರು ತೆಗೆದು ಬಿಡುವಷ್ಟು. ಆ ಪೇಪರು ತೇವವಾಗಿದೆ, ಬೇಡ ಎಂದಿದ್ದರೆ ಸಾಕಿತ್ತು. ಅವಳು ಕೇಳುತ್ತಿದ್ದಳು. ಎಂಟು ತಟ್ಟೆ ಉಳಿಯುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಹಿತ್ತಲಿನಲ್ಲಿ ನಂಜುಂಡ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ಸದ್ದು ಕಿಟಕಿಯಿಂದ ಬರುತ್ತಿತ್ತು. ಆ ಮಾತು ನನ್ನ ನಾಲಿಗೆಯ ಮೇಲೆ ಬಂದಿತ್ತು ಕೂಡ.

"ಹಾಕಬೇಡ," ಎಂದು ಕಿರುಚಿದೆ. "ಪೇಪರಿನಲ್ಲಿ ಪುಡಿ ಇದೆ. ನಾನೇ ಹಾಕಿದ್ದು. ಮರೆತಿದ್ದೆ."

ಅವಳು ಪೇಪರನ್ನು ನೋಡಿದಳು, ನನ್ನ ಬೆರಳನ್ನು ನೋಡಿದಳು. ಪೇಪರು ಕೆಳಗೆ ಬಿತ್ತು.

ಲಿಂಗೇಗೌಡರು, "ಏನಂದ್ರಿ?" ಎಂದರು. ಇನ್ನೊಂದು ಸಲ ಹೇಳಿದೆ. "ಈಗ್ ತಾನೇ ನೀವೇ ಬದ್ಲಾಯ್ಸಿ ಅಂದ್ರಲ್ರೀ! ಉಸ್ರಾಡ್ತಿದ್ವನ್ನೂ ಎತ್ತಿ ಅದ್ರ ಮ್ಯಾಲೇ ಇಡಿಸ್ದ್ರಲ್ರೀ!" ಎಂದು ಎರಡು ಹೆಜ್ಜೆ ಮುಂದೆ ಬಂದರು. ಹೊಡೆದಿದ್ದರೆ ನಿಂತು ತಿನ್ನುತ್ತಿದ್ದೆ. ಅವರು ಗೋಡೆಗೆ ಕೈಯೂರಿ ಹಣೆ ಒತ್ತಿಕೊಂಡರು.

ಹೊಸ್ತಿಲಿನಿಂದ ಕೆಂಪಮ್ಮ ಕೇಳಿದಳು. "ಎಷ್ಟವೆ ಇನ್ನ?"

"ಎಂಟು, ಅತ್ತೆ."

"ಎಂಟ್ನ ಉಳಿಸ್ಕೊಳಿ. ಸಿಸ್ಟರಮ್ಮ, ನೀವ್ ಈಚೆಗ್ ಬನ್ನಿ."

ಈಚೆಗೆ ಬಂದೆ. ಆ ದಿನ ಒಳಗಿನ ಯಾವ ಕೆಲಸಕ್ಕೂ ನನ್ನನ್ನು ಸೇರಿಸಲಿಲ್ಲ. ಹದಿನಾರು ತಟ್ಟೆಯ ಹುಳವನ್ನು ಹೊಳೆದಡದಿಂದ ದೂರ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕಿತ್ತು. ಅದಕ್ಕೆ ಮಾತ್ರ, "ನಾನು ಹೊರುತ್ತೇನೆ," ಎಂದಾಗ ಚಿಕ್ಕತಾಯಮ್ಮ ಬೇಡವೆನ್ನಲಿಲ್ಲ. ಸತ್ತ ಹುಳ ಹೊರಲು ನನ್ನ ಕೈ ಆಗುತ್ತಿತ್ತು. ಬುಟ್ಟಿಯಲ್ಲಿ ತುಂಬಿ ಹನ್ನೊಂದು ಸಲ ಹೋಗಿ ಬಂದೆ. ಕೈಯಿಟ್ಟರೆ ತಣ್ಣಗೆ, ಮೆತ್ತಗೆ. ಇನ್ನು ಮೂರು ದಿನ ಬಿಟ್ಟಿದ್ದರೆ ಗೂಡಾಗುತ್ತಿದ್ದವು.

ಹೋಗಿ ಬರುವ ನಡುವೆ ನಂಜುಂಡನ ಬಾಗಿಲಲ್ಲಿ ನಿಂತೆ. ಚಾಪೆ ಸುತ್ತುತ್ತಿದ್ದ.

"ನಂಜುಂಡ, ನೀನಲ್ಲ. ನಾನು. ಹೋಗಬೇಡ."

ಅವನು ಚಾಪೆ ಬಿಟ್ಟು ನೆಲದ ಮೇಲೆ ಕೂತುಕೊಂಡ. "ನಂದಲ್ವಾ ಮೇಡಂ? ನಿಜ್ವಾಗ್ಲೂ ನಂದಲ್ವಾ?" ಎಂದು ಎರಡು ಸಲ ಕೇಳಿದ. ಲಕ್ಷ್ಮಿ ಮಾತ್ರ ಒಳಗಿನಿಂದಲೇ, "ಬೆಳಿಗ್ಗೆ ನೀವು ಬೈದಿದ್ದು ಇಡೀ ಬೀದಿಗೆ ಕೇಳ್ತು. ಇದ್ನ ಯಾರಿಗ್ ಕೇಳುಸ್ತೀರಿ?" ಎಂದಳು. ಅದೇ ಸಂಜೆ ಮನೆಮನೆಗೆ ಹೋಗಿ ಹೇಳಿ ಬಂದೆ. ಹದಿನಾಲ್ಕು ಮನೆ. ಒಬ್ಬೊಬ್ಬರು ಅಯ್ಯೋ ಎಂದರು, ಒಬ್ಬೊಬ್ಬರು ಬಾಗಿಲ ಹಿಂದೆ ನಕ್ಕರು. ಆದರೂ ತಿಂಗಳು ತುಂಬುತ್ತಿದ್ದಂತೆ ನಂಜುಂಡ ಕೋಣೆ ಬಿಟ್ಟ. "ಕಂಪ್ನಿ ಅತ್ರಾನೇ ಮನೆ ಸಿಕ್ತು ಮೇಡಂ," ಎಂದು ಮರ್ಯಾದೆಯಿಂದಲೇ ಹೇಳಿದ. ಪರದೆಯನ್ನು ಒಗೆದು, ಮಡಿಸಿ, ಹಿಂದಕ್ಕೆ ಕೊಟ್ಟು ಹೋದ.

ಮೂರನೆಯ ದಿನ ಉಳಿದ ಹುಳ ಹಣ್ಣಾಯಿತು. ಹಣ್ಣು ಹುಳ ಕಾಯುವುದಿಲ್ಲ. ಒಂದೇ ಬೆಳಗಿನಲ್ಲಿ ಎಲ್ಲವನ್ನೂ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು. ಅದಕ್ಕೆ ಅಕ್ಕಪಕ್ಕದ ಹೆಂಗಸರು ಕರೆಯದೆ ಬರುವುದು ಆ ಕಡೆಯ ಪದ್ಧತಿ. ಎಂಟೇ ತಟ್ಟೆಯಾದರೂ ಬಂದರು. ಬರದೆ ಇದ್ದರೆ ಆ ಮನೆಯ ಮೇಲೆ ಕೋಪವಿದೆ ಎಂದು ಅರ್ಥ. ನಾನು ನಮ್ಮ ಅಂಗಳದಲ್ಲಿ ನಿಂತು ಅವರೆಲ್ಲ ಒಳಗೆ ಹೋಗುವುದನ್ನು ನೋಡಿದೆ. ಹೋಗುವುದು ತಪ್ಪೋ, ಹೋಗದೆ ಇರುವುದು ತಪ್ಪೋ ತಿಳಿಯಲಿಲ್ಲ. ಆ ಮೂರು ದಿನದಲ್ಲಿ ಕೈಗಳನ್ನು ಎಷ್ಟು ಸಲ ಉಜ್ಜಿದ್ದೆನೆಂದರೆ ಬೆರಳ ಸಂದಿಯಲ್ಲಿ ಚರ್ಮ ಸುಲಿದು ಉರಿಯುತ್ತಿತ್ತು. ಕೊನೆಗೆ ಹೋದೆ.

ಕೆಂಪಮ್ಮ ಹೆಜ್ಜೆಯಿಂದಲೇ ಗುರುತು ಹಿಡಿದಳು. "ಕೈ ಕೊಡಿ," ಎಂದಳು.

ಕೊಟ್ಟೆ. ಮೂಸಿದಳು. ಅಂಗೈ, ಬೆರಳು, ಉಗುರಿನ ಸಂದಿ. ಚಿಕ್ಕತಾಯಮ್ಮ ಬೆನ್ನು ತಿರುಗಿಸಿ ಹುಳ ಆರಿಸುತ್ತಿದ್ದಳು. ಆರಿಸುವ ಕೈ ಮಾತ್ರ ನಿಧಾನವಾಗಿತ್ತು.

"ಏನೂ ವಾಸ್ನೆ ಇಲ್ಲ," ಎಂದಳು ಕೆಂಪಮ್ಮ. "ಅಂಗಿದ್ರೂ ಒಳೀಕ್ ಓಗ್ಬ್ಯಾಡಿ. ನನ್ ಪಕ್ಕ ಕೂತ್ಕಳಿ."

ಹೊಸ್ತಿಲ ಹೊರಗೆ, ಗೋಣಿತಾಟಿನ ಮೇಲೆ, ಅವಳ ಪಕ್ಕ ಕೂತೆ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮಧ್ಯಾಹ್ನದವರೆಗೂ ಕೂತಿದ್ದೆ. ಮರುದಿನವೂ ಕೂತೆ, ಅದರ ಮರುದಿನವೂ. ನೂಲು ಬಿಡುವ ಹುಳ ಸದ್ದು ಮಾಡುವುದಿಲ್ಲ. ಆದರೂ ಕೆಂಪಮ್ಮ ಕಿವಿಯನ್ನು ಒಳಗಿನ ಕಡೆಗೇ ಕೊಟ್ಟಿದ್ದಳು. ನಮ್ಮ ಮನೆಯ ಇಲಿಗಳ ಸುದ್ದಿ ಮಾತ್ರ ಕೇಳಲಿಲ್ಲ.

ಐದನೆಯ ದಿನ ಗೂಡು ಬಿಡಿಸಿದರು. ಪ್ರತಿ ಬೆಳೆಯಲ್ಲೂ ಬಿಡಿಸಿದ ಮೊದಲ ಗೂಡನ್ನು ಚಿಕ್ಕತಾಯಮ್ಮ ಅತ್ತೆಯ ಕೈಗೆ ಕೊಡುತ್ತಿದ್ದಳು. ಗಟ್ಟಿಯಿದೆಯೋ ಜಾಳೋ ಎಂದು ಅವಳು ಎರಡು ಬೆರಳಲ್ಲಿ ಒತ್ತಿ ಹೇಳಬೇಕು. ಆ ದಿನವೂ ತಂದು ಕೊಟ್ಟಳು. ನನ್ನ ಕಡೆ ನೋಡಲಿಲ್ಲ, ಆದರೆ ನನ್ನನ್ನು ದಾಟಿಕೊಂಡೇ ಹೋದಳು, ನನಗೆ ತಾಗೀತೆಂದು ಸೀರೆಯನ್ನು ಎಳೆದುಕೊಳ್ಳಲಿಲ್ಲ.

ಕೆಂಪಮ್ಮ ಗೂಡನ್ನು ಒತ್ತಿದಳು. ಕಿವಿಯ ಬಳಿ ಹಿಡಿದು ಅಲುಗಿಸಿದಳು. "ಗಟ್ಟಿಯಾಗೈತೆ," ಎಂದಳು. ಆಮೇಲೆ ಅದನ್ನು ನನ್ನ ಕಡೆಗೆ ಚಾಚಿದಳು.

"ನೀವೂ ಒಂದಪ ಒತ್ತಿ ನೋಡಿ ಸಿಸ್ಟರಮ್ಮ. ಇನ್ಮೇಕೆ ಸಿಕ್ಕಾಕಿಲ್ಲ."

ಕೈ ಎತ್ತಲಾಗಲಿಲ್ಲ. ನನ್ನ ಬೆರಳುಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು. ಅವಳ ಕೈ ಗಾಳಿಯಲ್ಲಿ ಹಾಗೆಯೇ ನಿಂತಿತ್ತು.

"ಇಡ್ಕಂಡ್ರಾ?"

"ಹಿಡ್ಕೊಂಡೆ ಅಜ್ಜಿ," ಎಂದೆ.

ಅವಳು ನಂಬಿ ಬೆರಳು ಸಡಿಲಿಸಿದಳು. ಗೂಡು ನನ್ನ ಮಡಿಲಿಗೆ ಬಿತ್ತು. ಬಿದ್ದದ್ದು ಗೊತ್ತೇ ಆಗಲಿಲ್ಲ, ಅಷ್ಟು ಹಗುರ.